ನಾಲ್ಕನೆಯ ಕಂಬ

ಈ ಕೆಲಸಕ್ಕೆ ಹೊಸದಾಗಿ ಸೇರಿದವರು ಆಗಾಗ ನನ್ನನ್ನು ಕೇಳುವುದುಂಟು: ಸಿಗ್ನಲ್ ದೀಪ ನೋಡಿಕೊಳ್ಳುವುದರಲ್ಲಿ ಅಂಥದ್ದೇನಿದೆ, ಎಲ್ಲವನ್ನೂ ಚೌಕದ ಬದಿಯ ನಿಯಂತ್ರಣ ಪೆಟ್ಟಿಗೆಯೇ ಮಾಡುತ್ತದಲ್ಲ ಎಂದು. ಪೆಟ್ಟಿಗೆ ಮಾಡುತ್ತದೆ, ನಿಜ. ಆದರೆ ಅದಕ್ಕೆ ಏನು ಹೇಳಿಕೊಡಬೇಕು ಎಂಬುದನ್ನು ಕಲಿಯಲು ನನಗೆ ಎಷ್ಟೋ ವರ್ಷ ಹಿಡಿಯಿತು. ಅದರಲ್ಲಿ ಒಂದು ಪಾಠ ಕಲಿಯುವಾಗ ಮುರಿದದ್ದು ಬೇರೆಯವರ ಕಾಲು. ಅದನ್ನು ಬಿಟ್ಟು ಬರೆದರೆ ಉಳಿದದ್ದನ್ನು ಬರೆದೂ ಉಪಯೋಗವಿಲ್ಲ.

ನನ್ನ ಹೆಸರು ಲಗಮಣ್ಣ. ಮಮದಾಪುರದ ಕುರುಬರ ಮನೆಯವನು. ಅಪ್ಪ, ಕಾಕಾ ಎಲ್ಲರೂ ಕುರಿ ಕಾಯ್ದವರು. ನಾನೊಬ್ಬ ಐಟಿಐ ಸೇರಿ ವಿದ್ಯುತ್ ಕೆಲಸ ಕಲಿತೆ. ಗೋಕಾಕ, ಹುಕ್ಕೇರಿ, ಮೂಡಲಗಿ ಮೂರೂ ಊರುಗಳ ಸಿಗ್ನಲ್‌ಗಳನ್ನು ಗುತ್ತಿಗೆ ಹಿಡಿದಿದ್ದ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತು. ಅಲ್ಲಿನ ಮುಖ್ಯಸ್ಥರು ಪಾಟೀಲ ಸಾಹೇಬರು. ಗಟ್ಟಿ ಧ್ವನಿ, ಇಸ್ತ್ರಿ ಕೆಡದ ಬಿಳಿ ಅಂಗಿ, ಜೇಬಿನಲ್ಲಿ ಸದಾ ಒಂದು ಸ್ಟಾಪ್‌ವಾಚ್. ನಾನು ಮೊದಲ ದಿನ ಸ್ಕ್ರೂಡ್ರೈವರ್, ಟೆಸ್ಟರ್ ಎಲ್ಲ ಚೀಲದಲ್ಲಿ ತುಂಬಿಕೊಂಡು ಹೋದರೆ, ಅವರು ಚೀಲವನ್ನು ಕಚೇರಿಯಲ್ಲೇ ಇಡಿಸಿ, ಗೋಕಾಕದ ಬಸ್ ನಿಲ್ದಾಣದ ಹತ್ತಿರದ ಚೌಕಕ್ಕೆ ಕರೆದುಕೊಂಡು ಹೋಗಿ ಚಹಾದಂಗಡಿಯ ಬೆಂಚಿನ ಮೇಲೆ ಕೂರಿಸಿದರು.

"ತಂತಿ ಜೋಡ್ಸಾಕ ಯಾರರೆ ಸಿಗ್ತಾರ. ಮೊದಲ ಎಣಸಾಕ ಕಲಿ," ಎಂದರು.

ಒಂದು ವಾರ ನಾನು ಗಾಡಿಗಳನ್ನು ಎಣಿಸಿದೆ. ಬೈಕಿಗೆ ಒಂದು ಗೆರೆ, ಟೆಂಪೋಗೆ ಒಂದು, ಬಸ್ಸಿಗೆ ಒಂದು. ಸಂಜೆ ನೋಟುಬುಕ್ಕನ್ನು ಹೆಮ್ಮೆಯಿಂದ ತೋರಿಸಿದೆ. ಸಾಹೇಬರು ಎರಡು ಹಾಳೆ ತಿರುವಿ ಮರಳಿ ಕೊಟ್ಟರು.

"ಎಷ್ಟು ಗಾಡಿ ಹೋದುವು ಅಂತ ಬರದಿ. ಹೋಗ್ಲಾರದ ಎಷ್ಟು ಉಳದುವು ಅಂತ ಎಲ್ಲಿ ಬರದಿ?"

ಆ ಮಾತು ತಲೆಗೆ ಹತ್ತಲು ಎರಡು ದಿನ ಬೇಕಾಯಿತು. ಹಸಿರು ಮುಗಿದ ಮೇಲೂ ಒಂದು ರಸ್ತೆಯಲ್ಲಿ ಸಾಲು ಉಳಿದರೆ ಅಲ್ಲಿ ಸಮಯ ಸಾಲುತ್ತಿಲ್ಲ. ಹಸಿರು ಉರಿಯುತ್ತಿರುವಾಗಲೇ ರಸ್ತೆ ಬರಿದಾದರೆ ಅಲ್ಲಿ ಸಮಯ ದಂಡವಾಗುತ್ತಿದೆ. ದಂಡವಾಗುವ ಕಡೆಯಿಂದ ತೆಗೆದು ಸಾಲದ ಕಡೆಗೆ ಕೊಡುವುದು, ಇಷ್ಟೇ ನಮ್ಮ ಕೆಲಸ. ಹೇಳಲು ಒಂದು ಸಾಲು, ಮಾಡಲು ಒಂದು ಆಯುಷ್ಯ.

ನಾನು ಒಬ್ಬನೇ ಸಮಯ ಹೊಂದಿಸಿದ ಮೊದಲ ಸಲವೇ ಎಡವಿದೆ. ಸಾಹೇಬರು ರಜೆಯಲ್ಲಿದ್ದರು. ಕಬ್ಬಿನ ಹಂಗಾಮು ಆಗಷ್ಟೇ ಶುರುವಾಗಿತ್ತು. ಹಿಂದೆ ಎಣಿಸಿದ ಲೆಕ್ಕ ಹಿಡಿದು ನಾಲ್ಕೂ ರಸ್ತೆಗೆ ಹಂಚಿದೆ. ಮರುದಿನ ಹತ್ತು ಗಂಟೆಗೆಲ್ಲ ಕಬ್ಬು ಬರುವ ರಸ್ತೆಯಲ್ಲಿ ಟ್ರ್ಯಾಕ್ಟರುಗಳು ಕಣ್ಣಿಗೆ ಕಾಣುವಷ್ಟು ದೂರ ನಿಂತಿದ್ದವು. ಚೌಕದ ಪೊಲೀಸರು ನನ್ನನ್ನು ನೋಡಿದ ನೋಟವನ್ನು ಈಗಲೂ ಮರೆತಿಲ್ಲ. ಕೆಂಪು ಬಿದ್ದು ಚೌಕದ ನಡುವೆಯೇ ಸಿಕ್ಕಿಕೊಂಡಿದ್ದ ಒಂದು ಟ್ರ್ಯಾಕ್ಟರಿನ ಚಾಲಕ ಇಳಿದು ನೇರ ನನ್ನ ಪೆಟ್ಟಿಗೆಯ ಹತ್ತಿರ ಬಂದ. ತಲೆಗೆ ಟವೆಲ್ ಸುತ್ತಿದ್ದ, ನನ್ನದೇ ವಯಸ್ಸಿನವ. ದಡ್ಡಿ ಊರಿನ ಬಾಳಪ್ಪ ಎಂದು ಆಮೇಲೆ ಗೊತ್ತಾಯಿತು.

"ಇದನ್ನ ತಿರುವಾವ್ರು ನೀವೇನ್ರಿ?" ಎಂದ.

"ಹೌದು."

"ಟ್ರ್ಯಾಕ್ಟರ್ ಹೊಡದೀರೇನು ಯಾವಾಗರೆ?"

ಇಲ್ಲ ಎಂದೆ.

"ಹಸರ ಬಿದ್ದ ಕೂಡ್ಲೆ ನಾ ಕ್ಲಚ್ ಬಿಡ್ತೇನ್ರಿ. ಎಂಜಿನ್ ಎಳೀಬೇಕು, ಮೊದಲನೇ ಟ್ರಾಲಿ ಅಳಗಾಡಬೇಕು, ಆಮ್ಯಾಲೆ ಅದು ಎರಡನೇದನ್ನ ಎಳೀಬೇಕು. ಅಷ್ಟೊತ್ತಿಗೆ ನಿಮ್ಮ ದೀಪ ಕೆಂಪಾಗಿರತೈತಿ. ನಡಬರಕ ನಿಂತು ಮಂದಿ ಕಡೆ ಬೈಸ್ಕೊಳ್ಳೂದು ನಾನು. ಹತ್ತರಿ ಮ್ಯಾಲ, ನಿಮಗ ತೋರಸ್ತೇನಿ."

ಟ್ರ್ಯಾಕ್ಟರಿನ ಮಡ್‌ಗಾರ್ಡ್ ಮೇಲೆ ಕುಳಿತು ಆ ಚೌಕವನ್ನು ಅವನೊಂದಿಗೆ ಮೂರು ಸಲ ದಾಟಿದೆ. ಗಡಿಯಾರದಲ್ಲಿ ನೋಡಿದರೆ ಹತ್ತು ಬೈಕು ಹೋಗುವಷ್ಟು ಹೊತ್ತು ಅವನ ಎರಡನೆಯ ಟ್ರಾಲಿಯ ಬಾಲ ಚೌಕದಲ್ಲೇ ಇರುತ್ತಿತ್ತು. ನನ್ನ ನೋಟುಬುಕ್ಕಿನಲ್ಲಿ ಮಾತ್ರ ಬೈಕಿಗೂ ಒಂದೇ ಗೆರೆ, ಜೋಡಿ ಟ್ರಾಲಿಗೂ ಒಂದೇ ಗೆರೆ. ಆವತ್ತೇ ಆ ರಸ್ತೆಯ ಹಸಿರು ಹೆಚ್ಚಿಸಿದೆ. ಅದಕ್ಕಿಂತ ಮುಖ್ಯವಾಗಿ, ಒಂದು ರಸ್ತೆಯ ಸರದಿ ಮುಗಿದು ಇನ್ನೊಂದರದು ಶುರುವಾಗುವ ಮೊದಲು ನಾಲ್ಕೂ ಕಡೆ ಕೆಂಪು ಉರಿಯುವ ಸಣ್ಣ ಬಿಡುವೊಂದಿದೆ. ಅದನ್ನು ಹಂಗಾಮು ಮುಗಿಯುವವರೆಗೆ ಉದ್ದ ಮಾಡಿದೆ, ಟ್ರಾಲಿಯ ಬಾಲ ದಾಟುವಷ್ಟು.

ರಜೆಯಿಂದ ಬಂದ ಪಾಟೀಲ ಸಾಹೇಬರು ಅರ್ಧ ತಾಸು ನಿಂತು ನೋಡಿದರು. "ಇದನ್ನ ನಿನಗ ಯಾರ ಹೇಳಿಕೊಟ್ರು?" ಎಂದು ಕೇಳಿದರು.

"ದಡ್ಡಿ ಕಡೆ ಒಬ್ಬ ಟ್ರ್ಯಾಕ್ಟರ್ ಡ್ರೈವರ್ ರಿ."

"ಛಲೋ ಹೇಳ್ಯಾನ. ನಾ ಓದಿದ ಪುಸ್ತಕದಾಗ ಅದು ಇರಲಿಲ್ಲ."

ಅವರು ಯಾರನ್ನಾದರೂ ಹೊಗಳಿದ್ದನ್ನು ನಾನು ಕೇಳಿದ್ದು ಅಪರೂಪ. ಬಾಳಪ್ಪ ನನ್ನ ಗೆಳೆಯನಾದ. ಹಂಗಾಮಿನಲ್ಲಿ ಆ ಚೌಕ ದಾಟುವಾಗಲೆಲ್ಲ ಒಂದು ಕೈ ಎತ್ತಿ ಹೋಗುತ್ತಿದ್ದ.

ನಗು ಬರುವ ಸಂಗತಿಗಳೂ ಇದ್ದವು. ಒಂದು ಬೆಳಿಗ್ಗೆ ನಮ್ಮ ಕಾಕಾ ಕುರಿ ಹಿಂಡು ಹೊಡೆದುಕೊಂಡು ಅದೇ ಚೌಕಕ್ಕೆ ಬಂದರು. ಹಸಿರು ಬಿತ್ತು, ಅರ್ಧ ಹಿಂಡು ದಾಟಿತು, ಕೆಂಪು ಬಿತ್ತು. ಕುರಿಗಳು ನಿಲ್ಲುತ್ತವೆಯೇ? ಬಸ್ಸು, ಟೆಂಪೋ, ಬೈಕು ಎಲ್ಲ ಹಾರ್ನ್ ಹೊಡೆಯತೊಡಗಿದವು. ನಾನು ಓಡಿಹೋಗಿ ಪೆಟ್ಟಿಗೆಯನ್ನು ಕೈಯಿಂದ ನಡೆಸುವಂತೆ ತಿರುಗಿಸಿ ನಾಲ್ಕೂ ಕಡೆ ಕೆಂಪು ಹಿಡಿದೆ. ಕಾಕಾ ಅವಸರವಿಲ್ಲದೆ ಕೊನೆಯ ಕುರಿಯ ಹಿಂದೆ ನಡೆದು ಬಂದು ದೀಪವನ್ನು ತಲೆಯೆತ್ತಿ ನೋಡಿದರು.

"ಲಗಮ್ಯಾ, ಇದು ಮನಷ್ಯಾರಿಗಷ್ಟ ಐತೇನೊ, ಕುರಿಗೂ ಐತೇನೊ?"

"ಇವತ್ತ ಕುರಿಗೂ ಐತಿ ಕಾಕಾ, ಲಗೂನ ನಡಿ," ಎಂದೆ.

ಇನ್ನು ಆ ದಿನದ ಸಂಗತಿ.

ಗೋಕಾಕದ ಅದೇ ಚೌಕದಲ್ಲಿ ಪೈಪು ಹಾಕಲು ರಸ್ತೆ ಅಗೆಯುವಾಗ ಯಂತ್ರದ ಹಲ್ಲು ತಾಗಿ ನಾಲ್ಕನೆಯ ಕಂಬಕ್ಕೆ ಹೋಗುವ ಕೇಬಲ್ ತುಂಡಾಯಿತು. ಮುಂಜಾನೆಯಿಂದ ಕುಳಿತು ಕೂಡಿಸಿದೆ. ಪ್ರತಿ ತಂತಿಗೂ ಗುರುತಿನ ಚೀಟಿ ಇರುತ್ತದೆ; ಅವು ಮಣ್ಣಿನಲ್ಲಿ ಕಿತ್ತುಹೋಗಿದ್ದವು. ತಂತಿಗಳ ಬಣ್ಣ ಮಾಸಿತ್ತು. ನೆನಪಿನ ಮೇಲೆ ಜೋಡಿಸಿದೆ. ಇಂಥ ಕೆಲಸ ಮಾಡಿದ ಮೇಲೆ ಒಂದೊಂದು ಕಂಬದ ಬುಡಕ್ಕೂ ನಡೆದುಹೋಗಿ, ಕೆಂಪು ಬೀಳಬೇಕಾದಾಗ ಕೆಂಪು ಬೀಳುತ್ತದೋ ಇಲ್ಲವೋ ಕಣ್ಣಾರೆ ನೋಡಬೇಕೆಂಬುದು ನಿಯಮ. ಪೆಟ್ಟಿಗೆ ಇರುವ ಜಾಗದಿಂದ ಮೂರು ಕಂಬ ಕಾಣುತ್ತಿದ್ದವು. ನಾಲ್ಕನೆಯದಕ್ಕೆ ಯಾರದೋ ಹುಟ್ಟುಹಬ್ಬದ ದೊಡ್ಡ ಬ್ಯಾನರ್ ಅಡ್ಡವಾಗಿತ್ತು. ಮೂರನ್ನು ನೋಡಿದೆ, ಸರಿಯಿದ್ದವು. ನಾಲ್ಕನೆಯದರ ಕಡೆ ಹೆಜ್ಜೆ ಇಟ್ಟಿದ್ದೆ, ಆಗ ಫೋನ್ ಬಂತು. ಪಾಟೀಲ ಸಾಹೇಬರು.

"ಹುಕ್ಕೇರ್ಯಾಗ ದೀಪ ಬಂದ್ ಬಿದ್ದಾವು. ಗಾಡಿ ಎಲ್ಲಾ ಅಡ್ಡಾದಿಡ್ಡಿ ಆಗ್ಯಾವು. ಅಲ್ಲಿದು ಮುಗೀತೇನು?"

"ಮುಗೀತ್ರಿ," ಎಂದೆ.

ಎದುರಿಗೇ ಹುಕ್ಕೇರಿಯ ಬಸ್ಸು ನಿಂತಿತ್ತು. ಹತ್ತಿದೆ. ಆ ಒಂದು ಶಬ್ದವನ್ನು ನಾನು ಬದುಕಿನಲ್ಲಿ ಎಷ್ಟು ಸಲ ಮನಸ್ಸಿನಲ್ಲೇ ಹಿಂದಕ್ಕೆ ತೆಗೆದುಕೊಂಡಿದ್ದೇನೋ ಗೊತ್ತಿಲ್ಲ.

ಹುಕ್ಕೇರಿಯಲ್ಲಿ ಪೆಟ್ಟಿಗೆಯ ಬಾಗಿಲು ತೆರೆಯುತ್ತಿದ್ದಾಗಲೇ ಪೊಲೀಸರಿಂದ ಫೋನಿನಲ್ಲಿ ಸುದ್ದಿ ಬಂತು. ಗೋಕಾಕದ ಚೌಕದಲ್ಲಿ ಕಬ್ಬಿನ ಟ್ರ್ಯಾಕ್ಟರಿಗೂ ಸ್ಕೂಟಿಗೂ ಅಪಘಾತವಾಗಿದೆ, ಒಬ್ಬ ನರ್ಸಿನ ಕಾಲು ಟ್ರಾಲಿಯ ಗಾಲಿಗೆ ಸಿಕ್ಕಿದೆ, ಟ್ರ್ಯಾಕ್ಟರಿನವ ಕೆಂಪು ದಾಟಿ ಬಂದನಂತೆ ಎಂದರು. ನನಗೆ ಬೇರೇನೂ ಕೇಳಿಸಲಿಲ್ಲ. ಯಾವ ರಸ್ತೆಯಿಂದ ಬಂದ ಟ್ರ್ಯಾಕ್ಟರ್ ಎಂದು ಕೇಳಿದೆ. ನಾಲ್ಕನೆಯ ಕಂಬದ ರಸ್ತೆ.

ನಾನು ಮರಳಿ ಗೋಕಾಕ ತಲುಪಿದಾಗ ಪೊಲೀಸರು ಸಿಗ್ನಲ್ ಆರಿಸಿ ಕೈಯಿಂದ ಗಾಡಿ ಬಿಡುತ್ತಿದ್ದರು. ತನಗೆ ಹಸಿರು ಇತ್ತೆಂದು ಹೇಳಿದ್ದ ನರ್ಸನ್ನು ಆಸ್ಪತ್ರೆಗೆ ಸಾಗಿಸಿದ್ದರು. ನೋಡಬೇಕು ಎಂದು ಹೇಳಿ ಒಂದು ನಿಮಿಷ ದೀಪ ಹಾಕಿಸಿದೆ. ನಡೆದುಹೋಗಿ ಬ್ಯಾನರಿನ ಆಚೆ ನಿಂತು ತಲೆ ಎತ್ತಿದೆ. ಅಡ್ಡ ರಸ್ತೆಗೆ ಹಸಿರು ಇರುವಾಗ ಇಲ್ಲಿ ಕೆಂಪು ಇರಬೇಕಿತ್ತು. ಇಲ್ಲಿಯೂ ಹಸಿರು ಉರಿಯುತ್ತಿತ್ತು. ಕೆಂಪಿನ ತಂತಿ ಹಸಿರಿಗೆ, ಹಸಿರಿನದು ಕೆಂಪಿಗೆ ಜೋಡಿಸಿದ್ದೆ.

ಕೇಬಲ್ ಕೂಡಿಸಿದ ಗೂಡು ಕಂಬದ ಬುಡದಲ್ಲೇ ಇತ್ತು. ಎರಡು ಸ್ಕ್ರೂ ಸಡಿಲಿಸಿ ತಂತಿ ಅದಲುಬದಲು ಮಾಡಿದರೆ ಮುಗಿಯಿತು. ಆಮೇಲೆ ಅದನ್ನು ಲೋಕದಲ್ಲಿ ಯಾರೂ ಕಂಡುಹಿಡಿಯುವಂತಿರಲಿಲ್ಲ. ಸಾಹೇಬರಿಗೆ ಫೋನ್ ಮಾಡಿದೆ. ಅವರು, "ಮೊದಲ ಅದನ್ನ ಸರಿ ಮಾಡು. ಯಾರ ಕೂಡಾನೂ ಏನೂ ಮಾತಾಡಬ್ಯಾಡ. ನಾ ಬರ್ತೇನಿ," ಎಂದರು.

ನಾನು ಸ್ಕ್ರೂಡ್ರೈವರ್ ತೆಗೆದೆ. ಇದನ್ನು ಮುಚ್ಚಿಡುವುದಿಲ್ಲ: ಒಂದು ಸ್ಕ್ರೂ ಸಡಿಲಿಸಿಯೂ ಇದ್ದೆ.

"ಲಗಮಣ್ಣಾ."

ತಿರುಗಿ ನೋಡಿದೆ. ಪೊಲೀಸ್ ಜೀಪಿನ ಮೆಟ್ಟಿಲ ಮೇಲೆ ಬಾಳಪ್ಪ ಕುಳಿತಿದ್ದ. ಅಂಗಿ ಹರಿದಿತ್ತು, ಜನ ಕೈ ಮಾಡಿದ್ದರು. ಟ್ರ್ಯಾಕ್ಟರ್ ಅವನದೆಂದು ನನಗೆ ಆ ಕ್ಷಣದವರೆಗೂ ತಿಳಿದಿರಲಿಲ್ಲ.

"ನೀ ಬಂದಿ, ಛಲೋ ಆತು," ಎಂದ. ಅವನ ಮುಖದಲ್ಲಿ ಎಂಥದೋ ನಿರಾಳ. "ಇವರ‍್ಯಾರೂ ನನ್ನ ಮಾತ ನಂಬವಲ್ಲರು. ನನಗ ಹಸರ ಇತ್ತು. ನೀನ ಹೇಳಪಾ. ಆ ಪೆಟಗ್ಯಾಗ ನಿನಗ ಗೊತ್ತಾಗತೈತಲ್ಲ."

ನಾನು ಸ್ಕ್ರೂವನ್ನು ಮತ್ತೆ ಬಿಗಿ ಮಾಡಿದೆ. ಎದ್ದುಹೋಗಿ ಅಲ್ಲಿದ್ದ ಪೊಲೀಸ್ ಅಧಿಕಾರಿ ಫೌಜದಾರರನ್ನು ಕರೆತಂದು ಬ್ಯಾನರಿನ ಆಚೆ ನಿಲ್ಲಿಸಿ, ಮತ್ತೆ ದೀಪ ಹಾಕಿಸಿದೆ. "ನೋಡ್ರಿ ಸಾಹೇಬ್ರ, ಇಬ್ಬರೂ ಖರೆ ಹೇಳ್ಯಾರ. ಇಬ್ಬರಿಗೂ ಹಸರ ಇತ್ತು. ತಪ್ಪು ನಂದು," ಎಂದೆ.

ಅವರು ದೀಪವನ್ನೂ ನನ್ನನ್ನೂ ನೋಡಿದರು. "ಇದನ್ನ ಬರ‍್ಕೊಡ್ತೀರೇನು?"

"ಬರ‍್ಕೊಡ್ತೇನ್ರಿ."

"ಇನ್ನೊಮ್ಮೆ ವಿಚಾರ ಮಾಡ್ರಿ."

ಇನ್ನೊಮ್ಮೆ ವಿಚಾರ ಮಾಡಿದರೆ ಬರೆಯಲಾರೆ ಎಂದು ನನಗೆ ಗೊತ್ತಿತ್ತು. ಜೀಪಿನ ಬಾನೆಟ್ ಮೇಲೆ ಕಾಗದ ಇಟ್ಟು ಅಲ್ಲೇ ಬರೆದೆ. ಅಕ್ಷರಗಳು ಮೇಲೆ ಕೆಳಗೆ ಆಗಿದ್ದವು.

ಬಾಳಪ್ಪನನ್ನು ಬಿಟ್ಟರು. ಅವನು ನನಗೆ ಧನ್ಯವಾದ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಟವೆಲ್ ಕೊಡವಿ ಹೆಗಲ ಮೇಲೆ ಹಾಕಿಕೊಂಡು, "ಮಂದಿ ನನ್ನ ಏನೇನ ಅಂದ್ರು, ನಿನಗ ಗೊತ್ತಿಲ್ಲ," ಎಂದಷ್ಟೇ ಹೇಳಿ ಹೋದ. ಎರಡು ಹಂಗಾಮು ಅವನು ಎಲ್ಲಿ ಎದುರಾದರೂ ನನ್ನ ಕಡೆ ನೋಡಲಿಲ್ಲ. ಮೂರನೆಯ ಹಂಗಾಮಿನಲ್ಲಿ ಒಂದು ದಿನ ಟ್ರ್ಯಾಕ್ಟರ್ ರಸ್ತೆಯ ಬದಿಗೆ ನಿಲ್ಲಿಸಿ ಬಂದು, ಚಹಾ ಆಯಿತೇನು ಎಂದು ಕೇಳಿದ. ಆಗಿದ್ದರೂ ಇಲ್ಲ ಎಂದೆ.

ವಿಚಾರಣೆ ನಡೆಯಿತು. ಕೆಲವು ತಿಂಗಳು ನನ್ನನ್ನು ಕೆಲಸದಿಂದ ದೂರ ಇಟ್ಟರು. ಪಾಟೀಲ ಸಾಹೇಬರು ನನ್ನ ಮೇಲೆ ಎಷ್ಟು ಸಿಟ್ಟಾದರೆಂದರೆ, ಮಾತಿರಲಿ, ನನ್ನ ನಮಸ್ಕಾರವನ್ನೂ ಸ್ವೀಕರಿಸಲಿಲ್ಲ. ಅವರ ವರದಿಯಿಂದ ನನ್ನ ಕೆಲಸ ಹೋಗುವುದು ಖಚಿತ ಎಂದುಕೊಂಡಿದ್ದೆ. ವಿಚಾರಣೆಯ ದಿನ ಅದನ್ನು ಓದಿ ಹೇಳಿದರು. ‘ಕೆಲಸ ಪರೀಕ್ಷಿಸುವ ಮೊದಲೇ ಇವರನ್ನು ಬೇರೆ ಊರಿಗೆ ಅವಸರದಿಂದ ಕರೆದದ್ದು ನಾನು, ಪರೀಕ್ಷೆ ಆಯಿತೇ ಎಂದು ಕೇಳದೆ ಮುಗಿಯಿತೇ ಎಂದಷ್ಟೇ ಕೇಳಿದ್ದು ನನ್ನ ತಪ್ಪು’ ಎಂದು ಸಾಹೇಬರು ಬರೆದಿದ್ದರು. ನಾನು ಮಾಡಿದ ತಪ್ಪನ್ನೂ ಒಂದಕ್ಷರ ಕಡಿಮೆ ಮಾಡದೆ ಬರೆದಿದ್ದರು. ಹೊರಗೆ ಬಂದಾಗ ಕೈ ಮುಗಿದೆ. "ನಿನ್ನ ಸಲುವಾಗಿ ಬರದಿಲ್ಲ. ಖರೆ ಇತ್ತು, ಬರದೆ," ಎಂದರು. ಆವತ್ತಿನಿಂದ ಅವರು ಯಾವ ಕೆಲಸ ಕೊಟ್ಟರೂ ಕೊನೆಗೆ ಕೇಳುತ್ತಿದ್ದ ಪ್ರಶ್ನೆ ಒಂದೇ: "ನಡದ ನೋಡಿದ್ಯೇನು?"

ನರ್ಸಿನ ಹೆಸರು ಸುಜಾತಾ ಕಾಂಬಳೆ. ಹುಕ್ಕೇರಿಯವರು, ಅಲ್ಲಿನ ಆಸ್ಪತ್ರೆಯಲ್ಲೇ ಕೆಲಸ. ಅಂದು ಯಾವುದೋ ಕಾಗದಕ್ಕಾಗಿ ಗೋಕಾಕಕ್ಕೆ ಬಂದಿದ್ದರು. ನಾನು ಅವರ ಮನೆಗೆ ಹೋಗಲು ಮೂರು ಸಲ ಹೊರಟು ಎರಡು ಸಲ ಬೀದಿಯ ತಿರುವಿನಿಂದಲೇ ಮರಳಿದೆ. ಮೂರನೆಯ ಸಲ ಅವರ ತಾಯಿ ಬಾಗಿಲಲ್ಲೇ ಕುಳಿತು ಜೋಳ ಹಸನು ಮಾಡುತ್ತಿದ್ದರು, ಅದರಿಂದಾಗಿ ಮರಳಲು ಆಗಲಿಲ್ಲ. ಒಳಗೆ ಬುದ್ಧನ ಪಟದ ಕೆಳಗಿನ ಮಂಚದಲ್ಲಿ ಸುಜಾತಾ ಕಾಲು ಚಾಚಿ ಕುಳಿತಿದ್ದರು, ಕಾಲಿಗೆ ಮೊಳಕಾಲಿನ ಮೇಲಿನವರೆಗೆ ಪ್ಲಾಸ್ಟರ್.

ನಾನು ಯಾರೆಂದು ಹೇಳಿದೆ. ಕ್ಷಮಿಸಿ ಎಂದೆ.

"ಕ್ಷಮಾ ಮಾಡೂದಕ್ಕ ಇನ್ನಾ ನನಗ ಮನಸ್ಸಾಗಿಲ್ಲ," ಎಂದರು ಅವರು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ರೋಗಿಗೆ ಇದ್ದದ್ದನ್ನು ಇದ್ದಹಾಗೆ ಹೇಳುವ ರೀತಿ. "ಆದ್ರ ಒಂದ ಮಾತು. ನೀವು ಹೇಳದಿದ್ರ ನಾ ಆ ಡ್ರೈವರ್‌ಗ ಬದುಕಿರೂತನಾ ಬೈಕೋತ ಇರ್ತಿದ್ನಿ. ಅದೊಂದು ತಪ್ಪಿಸಿದ್ರಿ. ಕುಂದರ್ರಿ, ನೀರ ಕುಡೀರಿ."

ಕೆಲಸಕ್ಕೆ ಮರಳಿ ಸೇರಿದಾಗ ನನ್ನನ್ನು ಗೋಕಾಕದಿಂದ ತೆಗೆದು ಹುಕ್ಕೇರಿ ಮತ್ತು ಮೂಡಲಗಿ ನೋಡಿಕೊಳ್ಳಲು ಹಾಕಿದರು. ಒಂದು ದಿನ ಹುಕ್ಕೇರಿಯ ಆಸ್ಪತ್ರೆಯ ಎದುರಿನ ಸಿಗ್ನಲ್‌ನಲ್ಲಿ ಸಮಯ ಹೊಂದಿಸುತ್ತಿದ್ದೆ. ಹತ್ತರಗಿ ಹೆದ್ದಾರಿಯ ಕಡೆ ಹೋಗುವ ಗಾಡಿಗಳು ಜಾಸ್ತಿ, ಅವಕ್ಕೆ ಹಸಿರು ಹೆಚ್ಚಿಸುತ್ತಿದ್ದೆ. ಹಿಂದೆ ಯಾರೋ ಬಂದು ನಿಂತರು. ಸುಜಾತಾ. ಕೈಯಲ್ಲಿ ಕೋಲು.

"ನಿಮ್ಮ ಗಡಿಯಾರ ತಗೋರಿ. ನಾ ಆ ಕಡೆ ದಾಟ್ತೇನಿ, ನೋಡ್ರಿ," ಎಂದರು.

ನಡೆಯುವವರ ಹಸಿರು ಬಿದ್ದ ಕೂಡಲೇ ಅವರು ಹೊರಟರು. ರಸ್ತೆಯ ಅರ್ಧಕ್ಕೆ ಇನ್ನೂ ಎರಡು ಹೆಜ್ಜೆ ಇರುವಾಗಲೇ ಕೆಂಪು ಬಿತ್ತು. ಬೈಕುಗಳು ಅವರ ಮುಂದೆ ಹಿಂದೆ ನುಗ್ಗಿದವು. ಅವರು ನಿಂತಲ್ಲೇ ನಿಂತು, ನನ್ನ ಕಡೆ ತಿರುಗಿ ನೋಡಿದರು. ಓಡಿಹೋಗಿ ಕೈ ಅಡ್ಡ ಹಿಡಿದು ಗಾಡಿ ನಿಲ್ಲಿಸಿ ದಾಟಿಸಿದೆ.

"ನಮ್ಮ ದವಾಖಾನಿಗೆ ಬರೂ ಮಂದಿ ಎಲ್ಲಾ ನನ್ನಂಗ ನಡೀತಾರ್ರಿ," ಎಂದರು ಆಚೆ ಬದಿಯಲ್ಲಿ. "ನೀವು ಗಾಲಿ ಎಣಸ್ತೀರಿ. ಕಾಲು ಎಣಸಂಗಿಲ್ಲ."

ಅದು ನಿಜವಾಗಿತ್ತು. ಅಷ್ಟು ವರ್ಷಗಳ ನನ್ನ ನೋಟುಬುಕ್ಕುಗಳಲ್ಲಿ ನಡೆಯುವವರಿಗೆ ಒಂದೂ ಗೆರೆ ಇರಲಿಲ್ಲ. ಮರುದಿನದಿಂದ ಆಸ್ಪತ್ರೆಯ ಗೇಟಿನ ಮುಂದೆ ಕುಳಿತು ಬಸುರಿಯರು, ಬಾಣಂತಿಯರು, ಹೆಗಲಿಗೆ ಕೈ ಹಾಕಿಸಿಕೊಂಡು ಬರುವ ಮುದುಕರು ಎಷ್ಟು ಹೊತ್ತಿನಲ್ಲಿ ದಾಟುತ್ತಾರೆ ಎಂದು ಬರೆದೆ. ನಡೆಯುವವರ ಸಮಯವನ್ನು ಸುಮಾರು ಇಮ್ಮಡಿ ಮಾಡಿದೆ. ಪಾಟೀಲ ಸಾಹೇಬರು ನೋಡಲು ಬಂದವರು ಹುಬ್ಬು ಗಂಟಿಕ್ಕಿದರು.

"ಗಾಡಿ ಸಾಲ ಬೆಳೀತೈತಿ. ನಮ್ಮ ಕೆಲಸ ಗಾಡಿ ಹರೀಸೂದು."

"ಪ್ಯಾಟಿ ರಸ್ತಾದ ಹಸರ ಅರ್ಧ ಖಾಲಿ ಉರಿಯಾಕತ್ತಿತ್ರಿ. ಅಲ್ಲಿಂದ ತಗದೇನಿ. ಸಾಲ ಬೆಳದಿಲ್ಲ, ನೋಡ್ರಿ," ಎಂದೆ.

ಅವರು ಸ್ಟಾಪ್‌ವಾಚ್ ಹಿಡಿದು ಒಂದು ತಾಸು ನೋಡಿದರು. ಸಾಲು ಬೆಳೆದಿರಲಿಲ್ಲ. ಆಗ ಸುಜಾತಾ ಆಸ್ಪತ್ರೆಯಿಂದ ಹೊರಬಂದು ರಸ್ತೆ ದಾಟಿದರು. ಆಚೆ ಫುಟ್‌ಪಾತ್ ಮೇಲೆ ಕೋಲು ಊರಿದ ಮೇಲೂ ಹಸಿರು ಇನ್ನೂ ಉರಿಯುತ್ತಿತ್ತು. ಅವರು ನನ್ನನ್ನು ನೋಡಿ ತಲೆಯಾಡಿಸಿದರು. ಅಷ್ಟೇ. ಕ್ಷಮೆಯ ಮಾತನ್ನು ನಾವಿಬ್ಬರೂ ಮತ್ತೆ ಎತ್ತಲಿಲ್ಲ.

ಕೊನೆಯ ವರ್ಷಗಳಲ್ಲಿ ಕ್ಯಾಮೆರಾ ಬಂತು. ಮೂಡಲಗಿಯಲ್ಲಿ ಹಾಕುವಾಗ ನಂದಿನಿ ಎಂಬ ಹೊಸ ಎಂಜಿನಿಯರ್ ಬಂದಳು. ರಸ್ತೆಯ ಬದಿಯಲ್ಲಿ ಬೈಕಿನ ಸೀಟಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೆಲಸ ಮಾಡುತ್ತಿದ್ದಳು. ಕ್ಯಾಮೆರಾ ತಾನೇ ಸಾಲು ನೋಡಿ ತಾನೇ ಹಸಿರು ಹೆಚ್ಚು ಕಡಿಮೆ ಮಾಡುತ್ತದೆ. ನನಗೆ ಅದರ ಮೇಲೆ ನಂಬಿಕೆ ಇರಲಿಲ್ಲ. ಸಂತೆಯ ದಿನ ನನ್ನ ಅನುಮಾನ ನಿಜವೂ ಆಯಿತು: ತರಕಾರಿ ಬುಟ್ಟಿ ಹೊತ್ತ ಹೆಂಗಸರು ರಸ್ತೆ ತುಂಬ ನಿಂತಿದ್ದರೂ, ಗಾಡಿಯಿಲ್ಲ ಎಂದು ಕ್ಯಾಮೆರಾ ಅವರಿಗೆ ಸರದಿ ಕೊಡಲಿಲ್ಲ. ತೋರಿಸಿದೆ. ಅವಳು ವಾದ ಮಾಡಲಿಲ್ಲ. ಅಂದೇ ನಡೆಯುವವರಿಗೆ ಬೇರೆ ಸರದಿ ಕೂಡಿಸಿದಳು.

ಆದರೆ ಮರುವಾರ ಅವಳೇ ನನಗೆ ಲ್ಯಾಪ್‌ಟಾಪಿನಲ್ಲಿ ಒಂದು ಚಿತ್ರ ತೋರಿಸಿದಳು. ಕ್ಯಾಮೆರಾ ಹಾಕಿದ್ದರೂ ದೀಪ ಇನ್ನೂ ನನ್ನ ಸಮಯದ ಮೇಲೆಯೇ ನಡೆಯುತ್ತಿದ್ದ ಮೂಡಲಗಿಯ ಇನ್ನೊಂದು ಚೌಕದ್ದು ಅದು; ನಾನು ವರ್ಷಗಟ್ಟಲೆ ತಿದ್ದಿ ತಿದ್ದಿ ಹೊಂದಿಸಿದ್ದ, ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ ಸಮಯ.

"ಕಾಕಾ, ಸಿಟ್ಟಾಗಬ್ಯಾಡ್ರಿ. ಮಧ್ಯಾಹ್ನ ಹೊತ್ತು ಈ ರಸ್ತಾದಾಗ ಹಸರ ಬಾಳ ಹೊತ್ತು ಖಾಲಿ ಇರತೈತಿ. ಯಾರೂ ಬರಂಗಿಲ್ಲ. ಆ ಕಡೆ ಮಂದಿ ಸುಮ್ನ ನಿಂತಿರ್ತಾರ."

ಮಧ್ಯಾಹ್ನ ನಾನು ಊಟಕ್ಕೆ ಹೋಗುತ್ತಿದ್ದೆ. ಅಷ್ಟು ವರ್ಷ ಊಟದ ಹೊತ್ತಿನಲ್ಲಿ ಆ ಚೌಕ ಹೇಗಿರುತ್ತದೆ ಎಂದು ನಾನು ನೋಡಿಯೇ ಇರಲಿಲ್ಲ. ಕ್ಯಾಮೆರಾಕ್ಕೆ ಊಟವಿಲ್ಲ. ನನಗೇ ನಗು ಬಂತು. "ಬದಲ ಮಾಡವಾ," ಎಂದೆ. ಕ್ಯಾಮೆರಾ ಕಾಣದ್ದನ್ನು ನೀವು ನೋಡಿ. ನೀವು ಕಾಣದ್ದನ್ನು ಅದು ತೋರಿಸಿದರೆ ಮುಖ ತಿರುಗಿಸಬೇಡಿ. ಹೊಸ ವಿಧಾನದ ಬಗ್ಗೆ ನನಗೆ ಹೇಳಲು ಬರುವುದು ಇಷ್ಟೇ.

ನಿವೃತ್ತನಾಗಿ ಈಗ ಊರಲ್ಲೇ ಇದ್ದೇನೆ. ಹೋದ ತಿಂಗಳು ಹೆಂಡತಿ ಶಾಂತವ್ವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬೀಗರ ಮನೆಗೆಂದು ಗೋಕಾಕಕ್ಕೆ ಹೋಗಿದ್ದೆ. ಊರ ಹೊರಗಿನ ಒಂದು ಹೊಸ ಸಿಗ್ನಲ್‌ನಲ್ಲಿ ಕೆಂಪು ಬಿತ್ತು, ನಿಂತೆ. ಬಿಸಿಲು ಸುಡುತ್ತಿತ್ತು. ಅಡ್ಡ ರಸ್ತೆ ಪೂರ್ತಿ ಖಾಲಿ. ಹಿಂದೆ ಬಂದ ಬೈಕಿನವ ಹಾರ್ನ್ ಹೊಡೆದ.

"ಯಾರೂ ಇಲ್ಲಲ್ರಿ ಕಾಕಾ. ನಡೀರಿ ಅತ್ತಾಗ."

ನಾನು ಕದಲಲಿಲ್ಲ. ಅವನು ಏನೋ ಗೊಣಗುತ್ತ ಪಕ್ಕದಿಂದ ಹೊರಳಿ ದಾಟಿಹೋದ. ಶಾಂತವ್ವ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು:

"ಇಷ್ಟ ವರ್ಷ ಮಂದೀನ ನಿಂದ್ರಿಸಿದ್ರಿ. ಈಗ ಗೊತ್ತಾತೇನು, ನಿಂದರೂದಂದ್ರ ಹೆಂಗಿರತೈತಿ ಅಂತ?"

"ಗೊತ್ತಾತು," ಎಂದೆ.

ಅಷ್ಟರಲ್ಲಿ ಹಸಿರು ಬಿತ್ತು. ಬಲಕ್ಕೆ ನೋಡಿದೆ, ಎಡಕ್ಕೆ ನೋಡಿದೆ. ಆಮೇಲೆ ಕ್ಲಚ್ ಬಿಟ್ಟೆ.